ಹನಿ ಹಾಕದ ಮರಿಗಳು

ಮಾಫ್ ಅನ್ನುವುದೇನೋ ಒಂದೇ ಮಾತು. ಆದರೆ ಯಾವುದಕ್ಕೆ ಎಂದು ಎದುರಿನವನು ಬಾಯಿಬಿಟ್ಟು ಹೇಳದಿದ್ದರೆ ಅದನ್ನು ಅನ್ನುವುದು ಹೇಗೆ? ಹೇಳಬೇಕಾದವನೇ ಈಗ ಇಲ್ಲ. ಅನ್ನದೆ ಉಳಿದರೆ ಅವನಿಗೆ ಅಲ್ಲಿ ನಿಜವಾಗಿಯೂ ತೊಂದರೆಯಾಗುತ್ತದೆಯೇ? ಆಗಲಿ ಎಂದು ತನಗೆ ಒಳಗೊಳಗೇ ಆಸೆಯಿದೆಯೇ? ಚಂದ್ರಾಮಪ್ಪ ಪ್ಲಾಸ್ಟಿಕ್ ಕುರ್ಚಿಗಳ ಅಟ್ಟಿಯನ್ನು ಎದೆಗೊತ್ತಿಕೊಂಡು ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಹೆಜ್ಜೆ ಹಾಕುತ್ತಿದ್ದ. ಮೇಲಿನ ಕುರ್ಚಿಯ ಅಂಚು ಆಗಾಗ ಗದ್ದಕ್ಕೆ ಬಡಿಯುತ್ತಿತ್ತು. ಹೊರಲು ಅವನಿಗೆ ಯಾರೂ ಹೇಳಿರಲಿಲ್ಲ. ಕುಳಿತರೆ ಯೋಚನೆ ಬರುತ್ತದೆಂದು ಎದ್ದಿದ್ದ. ಹೊತ್ತು ನಡೆದರೂ ಅದು ಬೆನ್ನ ಹಿಂದೆಯೇ ಬರುತ್ತಿತ್ತು.

“ಇಳ್ಸಿ ಸ್ವಾಮಿ ಅದನ್ನ,” ಎಂದು ಹಿಂದಿನಿಂದ ಮುನಿಆಂಜನಪ್ಪ ಕೂಗಿದ. ಹಲಸೂರಿನವನು, ಹಿಂದೆ ಚಂದ್ರಾಮಪ್ಪನೂ ಈಗ ತೀರಿಕೊಂಡ ಮುನೀರನೂ ಕೆಲಸ ಮಾಡುತ್ತಿದ್ದ ಕೋಳಿ ಫಾರಮ್ಮಿನ ವ್ಯಾನು ಓಡಿಸುತ್ತಿದ್ದ. “ಕುರ್ಚಿ ಹೊರಕ್ಕೆ ಶಾಮಿಯಾನದೋರು ಇಲ್ವಾ? ನಿಮ್ ಸೊಂಟ ಹಿಡ್ಕೊಂಡ್ರೆ ಒಂದೇ ದಿನ ಎರಡು ಸಾವು ನೋಡ್ಬೇಕಾಯ್ತದೆ ನಾವು.”

“ನಿನಗ ಹೊರೋದಾಗ್ಲಿಕ್ಕಂದ್ರ ಸುಮ್ಮ ಕೂಡು.”

“ನಾನು ಡ್ರೈವರ್ ಸ್ವಾಮಿ. ಡ್ರೈವರ್ ಲೋಡ್ ಇಳ್ಸಲ್ಲ.”

ಮುನೀರನ ಮನೆಯ ಮುಂದೆ ಆಗಲೇ ಜನ ಸೇರಿದ್ದರು. ಮಾರುಕಟ್ಟೆಯ ಮೊಟ್ಟೆ ಅಂಗಡಿಯವರು, ಮಾಂಸದ ಸಾಲಿನವರು, ಬಿಳಿ ಟೋಪಿ ಹಾಕಿದ ಮುದುಕರು. ಒಳಗಿನ ಕೋಣೆಯಲ್ಲಿ ಮಯ್ಯತ್ತಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು. ಬಕೆಟ್ಟಿನ ನೀರು ಮೋರಿಗೆ ಬೀಳುವ ಸದ್ದು ಬೀದಿಗೆ ಕೇಳುತ್ತಿತ್ತು. ಕರ್ಪೂರದ ವಾಸನೆಯ ಜೊತೆ ಪಕ್ಕದ ಮನೆಯ ಒಗ್ಗರಣೆಯದೂ ಬೆರೆತಿತ್ತು. ಚಂದ್ರಾಮಪ್ಪ ಕುರ್ಚಿಗಳನ್ನು ಇಳಿಸಿ, ಒಂದೊಂದನ್ನೂ ಎಳೆದು ಸಾಲಾಗಿಟ್ಟು, ಸಾಲು ಸೊಟ್ಟಗಾಯಿತೆಂದು ಮತ್ತೆ ಸರಿಪಡಿಸತೊಡಗಿದ.

ಬೆಳಿಗ್ಗೆ ಫೋನು ಬಂದಾಗ ಅವನು ಬೈಯಪ್ಪನಹಳ್ಳಿಯ ತನ್ನ ಬಾಡಿಗೆ ಕೋಣೆಯಲ್ಲಿ ಹಲ್ಲುಜ್ಜುತ್ತಿದ್ದ. ಮುನೀರನ ಮಗ ಜೀಶಾನ್. ಧ್ವನಿ ಒಣಗಿತ್ತು.

“ಅಂಕಲ್, ಅಬ್ಬಾ ಹೋಗ್ಬಿಟ್ರು. ಮಧ್ಯಾಹ್ನ ಜೊಹರ್ ನಮಾಜ್ ಆದ್ಮೇಲೆ ಮಿಟ್ಟಿ ಕೊಡ್ತೀವಿ. ನೀವು ಬರ್ಲೇಬೇಕು.” ಸ್ವಲ್ಪ ತಡೆದು, “ಇನ್ನೊಂದ್ ಮಾತು ಅಂಕಲ್. ನಮಾಜಿಗೆ ಮುಂಚೆ ಎಲ್ರ ಹತ್ರಾನೂ ಮಾಫಿ ಕೇಳ್ತೀವಿ, ಅದು ರಿವಾಜು. ಆದ್ರೆ ನಿಮ್ ಹತ್ರ ಹೆಸರ್ ಹಿಡ್ದು ಕೇಳು ಅಂದಿದಾರೆ ಅಬ್ಬಾ. ಮಾತಾಡಕ್ಕಾಗೋವರ್ಗೂ ಅದನ್ನೇ ಅಂತಿದ್ರು. ನೀವು ಬಾಯ್ಬಿಟ್ಟು ಮಾಫ್ ಅನ್ಬೇಕು. ಮನಸ್ಸಲ್ಲಿ ಅಂದ್ರೆ ಆಗಲ್ಲ.”

ಫೋನಿಟ್ಟ ಮೇಲೆ ಹೆಂಡತಿ ಅಯ್ಯಮ್ಮನಿಗೆ ಹೇಳಿದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, “ಅಂದ್ಬಿಡ್ರಿ. ಸತ್ತವರ ಮ್ಯಾಲ ಎಂಥಾ ಹಟ?” ಎಂದಳು.

“ಹಟ ಅಲ್ಲ.”

“ಮತ್ತೇನದು?”

ಅವನು ಬಾಯಿ ಮುಕ್ಕಳಿಸಲು ಹೊರಟಿದ್ದ. ಮೆಟ್ರೊದಲ್ಲಿ ಬರುವಾಗಲೂ ಅವಳು ಅದೇ ಮಾತೆತ್ತಿದಳು. ಅವನು ಎದ್ದು ಹೋಗಿ ಬಾಗಿಲ ಬಳಿ ನಿಂತಿದ್ದ. ಮುನೀರ್ ಕೊನೆಗೂ ಒಪ್ಪಿಕೊಂಡನಲ್ಲ ಎಂಬುದೊಂದೇ ತಲೆಯಲ್ಲಿ ಓಡುತ್ತಿತ್ತು. ಮಾಫಿ ಕೇಳು ಎಂದು ಮಗನಿಗೆ ಹೇಳಿದ್ದಾನೆ ಎಂದರೆ ಒಪ್ಪಿಕೊಂಡ ಹಾಗೇ. ಒಪ್ಪಿಕೊಂಡರೆ ತನಗೆ ಹಗುರವಾಗುತ್ತದೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದ. ಆಗಿರಲಿಲ್ಲ.

* * *

ಹಳೆ ಮದ್ರಾಸ್ ರಸ್ತೆಯಲ್ಲಿ ಕೃಷ್ಣರಾಜಪುರ ದಾಟಿದ ಮೇಲೆ, ಆಗಿನ್ನೂ ಮೆಟ್ರೊ ಕಂಬಗಳು ಎದ್ದಿರದ ಕಾಲದಲ್ಲಿ, ಕೋಳಿ ಲಸಿಕೆ ತಯಾರಿಸುವ ಕಂಪನಿಯೊಂದರ ಫಾರಂ ಇತ್ತು. ಚಂದ್ರಾಮಪ್ಪ ಯಾದಗಿರಿ ಕಡೆಯಿಂದ ಬಂದು ಅಲ್ಲಿ ಸೇರಿಕೊಂಡಿದ್ದ. ಶೆಡ್ಡಿನ ಹಿಂದೆ ಇರಲಿಕ್ಕೆ ಎರಡು ಕೋಣೆ, ಒಂದು ನಲ್ಲಿ, ಅಯ್ಯಮ್ಮ ಪುಂಡಿಪಲ್ಯ ಬೆಳೆದುಕೊಳ್ಳುವಷ್ಟು ನೆಲ. ಮುನೀರ್ ದಿನಾ ಶಿವಾಜಿನಗರದಿಂದ ಬಸ್ಸಿನಲ್ಲಿ ಬರುತ್ತಿದ್ದ. ಇಬ್ಬರದೂ ಒಂದೇ ಕೆಲಸ: ಮರಿಗಳಿಗೆ ಕಾಳು, ನೀರು, ಬೆಚ್ಚಗಿನ ಬಲ್ಬು, ರಕ್ತ ತೆಗೆಯುವ ದಿನ ಒಂದೊಂದನ್ನೂ ಅಂಗೈಯಲ್ಲಿ ಮಲಗಿಸಿ ರೆಕ್ಕೆ ಬಿಡಿಸಿ ಹಿಡಿಯುವುದು.

ಆ ವರ್ಷ ಪ್ರಿಯದರ್ಶಿನಿ ಎಂಬ ಹುಡುಗಿ ತನ್ನ ಸಂಶೋಧನೆಗೆಂದು ಬಂದಳು. ಕೋಳಿಗಳನ್ನು ಕೊಲ್ಲುವ ಕೊಕ್ಕರೆ ರೋಗದ ಲಸಿಕೆ ಹಾಕಿದ ಮೇಲೆ ಎಳೆ ಮರಿಯ ರಕ್ತದಲ್ಲಿ ರೋಗ ತಡೆಯುವ ಪ್ರತಿಕಾಯ ಯಾವಾಗ ಹುಟ್ಟುತ್ತದೆ, ಹೇಗೆ ಏರುತ್ತದೆ ಎಂದು ನೋಡುವುದು ಅವಳ ಕೆಲಸ. ಒಂದು ಶೆಡ್ಡಿನ ಮರಿಗಳಿಗೆ ಕಣ್ಣಿಗೆ ಒಂದೊಂದು ಹನಿ ಲಸಿಕೆ. ಅದು ಮುನೀರನ ಶೆಡ್ಡು. ಎರಡನೆಯದಕ್ಕೆ ಏನೂ ಇಲ್ಲ. ಅದು ಚಂದ್ರಾಮಪ್ಪನದು, ಅದರ ಬೀಗದ ಕೈಯೂ ಅವನ ಹತ್ತಿರ. ಹನಿ ಹಾಕಿಸಿಕೊಂಡವುಗಳ ಪಕ್ಕ ಇಟ್ಟು ನೋಡಲು ಹನಿ ಹಾಕದವೂ ಬೇಕು ಎಂದಿದ್ದಳು.

ಅವಳಿಗೆ ವಿವರಿಸುವುದೆಂದರೆ ಇಷ್ಟ. ಒಂದು ಸಂಜೆ ಸಣ್ಣ ಸಣ್ಣ ಗುಳಿಗಳಿದ್ದ ಪಾರದರ್ಶಕ ತಟ್ಟೆಯೊಂದನ್ನು ಬೆಳಕಿಗೆ ಹಿಡಿದು ಇಬ್ಬರನ್ನೂ ಕರೆದಳು.

“ನೋಡಿ, ರಕ್ತದಲ್ಲಿ ಕಾವಲು ಇದ್ರೆ ಗುಳಿ ತಳದಲ್ಲಿ ಕೆಂಪಗೆ ಅಂಗಿ ಗುಂಡಿ ಥರ ಕೂರುತ್ತೆ. ಇಲ್ದಿದ್ರೆ ಹಾಳೆ ಥರ ಹರಡ್ಕೊಳುತ್ತೆ. ಅಷ್ಟೆ.”

“ನನ್ನ ಮರಿಗೆ ಹನೀನೇ ಹಾಕಿಲ್ಲ, ಆದ್ರೂ ಗುಂಡಿ ಅದಾವಲ್ಲ ಮೇಡಂ,” ಎಂದಿದ್ದ ಚಂದ್ರಾಮಪ್ಪ.

“ಅದು ತಾಯಿದು. ಮೊಟ್ಟೆ ಹಳದೀಲಿ ತಾಯಿ ತನ್ನ ಕಾವಲು ಇಟ್ಟು ಕಳ್ಸಿರ್ತಾಳೆ. ಮರಿ ಬೆಳೀತಾ ಬೆಳೀತಾ ಅದು ಕರಗಿ ಹೋಗುತ್ತೆ. ತಾಯಿದು ತುಂಬ ಇರುವಾಗ ಲಸಿಕೆ ಹಾಕಿದ್ರೆ ಅದೇ ಲಸಿಕೇನ ತಿಂದ್ಹಾಕುತ್ತೆ, ಮರಿ ತಾನಾಗಿ ಏನೂ ಕಲಿಯಲ್ಲ. ಪೂರ್ತಿ ಕರಗೋವರೆಗೂ ಕಾದ್ರೆ ನಡುವೆ ಒಂದು ಹೊತ್ತು ಬರುತ್ತೆ, ತಾಯಿದೂ ಇಲ್ಲ, ತನ್ನದೂ ಇಲ್ಲ.”

“ಹಂಗಾದ್ರೆ ಇವನ ಮರಿಗಳು?” ಎಂದು ಮುನೀರ್ ಕೇಳಿದ್ದ.

“ಇವರ ಮರಿಗಳದು ಇಳೀತಾನೇ ಹೋಗುತ್ತೆ. ಕೊನೆಗೆ ಎರಡೂ ಶೆಡ್ಡಿನವಕ್ಕೆ ರೋಗ ಕೊಟ್ಟು ನೋಡ್ತೀವಿ.” ಅವಳು ತಟ್ಟೆ ಕೆಳಗಿಟ್ಟು ಮಾತು ಮುಗಿಸಿದ್ದಳು.

ಚಂದ್ರಾಮಪ್ಪ ಶೆಡ್ಡಿಗೆ ಹೋಗಿ ಮರಿಗಳ ನೀರು ಬದಲಿಸಿದ್ದ.

ಶೆಡ್ಡುಗಳ ನಡುವೆ ದೊಡ್ಡ ಅಂಗಳ. ಒಂದು ಶೆಡ್ಡಿನವನು ಇನ್ನೊಂದು ಶೆಡ್ಡಿನವನ ಹತ್ತಿರ ಸುಳಿಯಬಾರದು, ಸಂಜೆ ಸ್ನಾನ ಮಾಡಿ ಬಟ್ಟೆ ಬದಲಿಸುವವರೆಗೆ ಮುಟ್ಟಬಾರದು ಎಂದು ಫಾರಂ ನೋಡಿಕೊಳ್ಳುವ ದೊಡ್ಡ ಡಾಕ್ಟರು ಗೋಡೆಗೆ ಅಂಟಿಸಿದ್ದರು. ಮಧ್ಯಾಹ್ನ ಡಾಕ್ಟರು ಊಟಕ್ಕೆ ಹೋದೊಡನೆ ಇಬ್ಬರೂ ಅಂಗಳದ ಹೊಂಗೆ ಮರದ ಕೆಳಗೆ ಕೂರುತ್ತಿದ್ದರು. ಅಯ್ಯಮ್ಮನ ಜೋಳದ ರೊಟ್ಟಿ, ಮುನೀರನ ಮನೆಯ ಸಾಲನ್. ಕೈಯಷ್ಟೇ ತೊಳೆದು, ಒಂದೇ ಡಬ್ಬಿ.

“ನನ್ನವು ಸಾಯಾಕಂತೇ ಬೆಳೀತಾವ ನೋಡು,” ಎಂದು ಚಂದ್ರಾಮಪ್ಪ ಒಂದು ದಿನ ಅಂದಿದ್ದ. “ಕಾಳು ಹಾಕಾಕ ಹೋದ್ರ ಕಾಲ ಮ್ಯಾಲೆ ಏರ್ತಾವ. ಏನಂತ ಹಾಕ್ಲಿ?”

“ಒಂದ್ ಹನಿ ಯಾರ್,” ಎಂದಿದ್ದ ಮುನೀರ್, ರೊಟ್ಟಿ ಮುರಿಯುತ್ತ. “ಒಂದೊಂದ್ ಹನಿ ಸಾಕು. ಯಾರಿಗ್ ಗೊತ್ತಾಗುತ್ತೆ?”

ಅದಾದ ಕೆಲವು ದಿನಕ್ಕೆ ಚಂದ್ರಾಮಪ್ಪ ಶೆಡ್ಡಿಗೆ ಬೀಗ ಹಾಕದೆ ಬಂದು ನಲ್ಲಿಯ ಹತ್ತಿರ ಬೂಟು ತೊಳೆಯುತ್ತಿದ್ದಾಗ ಮುನೀರ್ ಎರಡನೆಯ ಶೆಡ್ಡಿನಿಂದ ಹೊರಗೆ ಬಂದದ್ದನ್ನು ಕಂಡಿದ್ದ. ಬಾಗಿಲು ಮೆಲ್ಲಗೆ ಮುಂದೂಡಿ, ಅತ್ತಿತ್ತ ನೋಡಿ, ಮರದ ಕಡೆ ನಡೆದಿದ್ದ. ಮರದ ಕೆಳಗೆ ಸಿಕ್ಕಾಗ ಅವನೇ, “ಎಲ್ಲಿ ಹೋಗಿದ್ಯೋ, ಊಟಕ್ಕೆ ಹುಡುಕ್ದೆ,” ಎಂದಿದ್ದ. ಚಂದ್ರಾಮಪ್ಪ ಏನೂ ಕೇಳಲಿಲ್ಲ.

ಮುಂದಿನ ಸಲ ತಟ್ಟೆಯಲ್ಲಿ ಎರಡನೆಯ ಶೆಡ್ಡಿನ ಸಾಲುಗಳೆಲ್ಲ ಗುಂಡಿ ಕಟ್ಟಿ ಕೂತಿದ್ದವು. ಇಳಿಯಬೇಕಾದ್ದು ಏರಿತ್ತು. ಪ್ರಿಯದರ್ಶಿನಿ ಅಳುತ್ತ ಊರಿಗೆ ಹೋದಳು. ದೊಡ್ಡ ಡಾಕ್ಟರು ಇಬ್ಬರನ್ನೂ ಮೇಜಿನ ಮುಂದೆ ನಿಲ್ಲಿಸಿದರು.

“ಬೀಗದ ಕೈ ಯಾರ ಹತ್ರ ಇತ್ತು?”

“ನನ್ ಹತ್ರ ಸರ್,” ಎಂದ ಚಂದ್ರಾಮಪ್ಪ.

“ಹನಿ ಯಾರು ಹಾಕಿದ್ದು?”

ಚಂದ್ರಾಮಪ್ಪ ಮುನೀರನ ಕಡೆ ನೋಡಿದ. ಮುನೀರ್ ನೆಲ ನೋಡುತ್ತಿದ್ದ. ಅವನ ಹೆಂಡತಿ ಆಗ ಬಸುರಿ. ಹೆಸರು ಚಂದ್ರಾಮಪ್ಪನ ನಾಲಗೆಯವರೆಗೆ ಬಂದು ನಿಂತಿತು. ಅವನು ನುಂಗಿದ. ಕೆಲಸ ಕಳೆದುಕೊಂಡು ಆ ತಿಂಗಳ ಕೊನೆಗೆ ಕೋಣೆ ಖಾಲಿ ಮಾಡುವಾಗ ಅಯ್ಯಮ್ಮ ಪುಂಡಿಪಲ್ಯವನ್ನು ಬೇರುಸಹಿತ ಕಿತ್ತು ಗೋಣಿಗೆ ತುಂಬಿಕೊಂಡಳು. ಅದು ಬೈಯಪ್ಪನಹಳ್ಳಿಯಲ್ಲಿ ಹತ್ತಲಿಲ್ಲ.

* * *

ಹನ್ನೊಂದರ ಬಿಸಿಲಿಗೆ ಶಾಮಿಯಾನದ ಕೆಳಗೂ ಧಗೆ ಏರಿತ್ತು. ಅಯ್ಯಮ್ಮ ಒಳಗೆ ಮುನೀರನ ಹೆಂಡತಿಯನ್ನು ನೋಡಿ ಹೊರಗೆ ಬಂದಳು. ಮುಖದಲ್ಲಿ ಏನೋ ಗೊಂದಲ.

“ಕುಲ್ಸುಂ ಬಾಯಿ ನನ್ನ ಕೈ ಹಿಡಕೊಂಡು ಕಣ್ಣಿಗೊತ್ತಿಕೊಂಡ್ಳು,” ಎಂದಳು. “ಹಿರ್ಯಾರಿಗೆ ಮಾಡ್ದಂಗ. ನನಗ ಒಂಥರಾ ಆಯ್ತು.”

“ಏನಂದ್ಳು?”

“ಏನೂ ಇಲ್ಲ. ಅತ್ತಳು.”

ಗಂಡ ಮಾಡಿದ ತಪ್ಪು ಹೆಂಡತಿಗೂ ಗೊತ್ತಿದೆ, ಎಂದುಕೊಂಡ ಚಂದ್ರಾಮಪ್ಪ. ಮನೆಯವರಿಗೆಲ್ಲ ಹೇಳಿದ್ದಾನೆ, ನನಗೊಬ್ಬನಿಗೆ ಹೇಳಲಿಲ್ಲ. ಅವನು ಎದ್ದು ಗಲ್ಲಿಯ ತುದಿಯವರೆಗೆ ಹೋದ, ಹಿಂತಿರುಗಿದ, ಮತ್ತೆ ಹೋದ.

“ಯಾಕ್ ಸ್ವಾಮಿ ಹಿಂಗ್ ಬೀಟ್ ಪೊಲೀಸ್ ಥರ ಸುತ್ತುತ್ತಿದೀರಾ?” ಎಂದ ಮುನಿಆಂಜನಪ್ಪ. “ಅಲ್ ನೋಡಿ, ಯಾರ್ ಬತ್ತಾವ್ರೆ.”

ಆಟೊ ಇಳಿದು ಬಂದವಳ ಕೂದಲು ಅರ್ಧ ಬೆಳ್ಳಗಾಗಿತ್ತು. ಕೈಯಲ್ಲಿ ಗುಲಾಬಿ ಎಸಳಿನ ಪೊಟ್ಟಣ, ಕೊಡುವುದು ಯಾರಿಗೆಂದು ತಿಳಿಯದೆ ನೋಡುತ್ತಿದ್ದಳು. ಮುನಿಆಂಜನಪ್ಪನನ್ನು ಮೊದಲು ಗುರುತಿಸಿದಳು, ಆಮೇಲೆ ಚಂದ್ರಾಮಪ್ಪನನ್ನು.

“ಪ್ರಿಯದರ್ಶಿನಿ ನಾನು. ಮರ್ತಿದೀರೇನೋ.”

“ಮರಿಯೋದ್ ಹೆಂಗ್ರಿ,” ಎಂದ ಚಂದ್ರಾಮಪ್ಪ.

ಅವಳು ಬಹಳ ವರ್ಷ ಬೇರೆ ಊರಿನಲ್ಲಿದ್ದು ಈಗ ಇಲ್ಲಿಯೇ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ನಿವೃತ್ತಿಯ ನಂತರ ಮುನೀರ್ ಭಾವಮೈದನ ಮೊಟ್ಟೆ ಅಂಗಡಿಯಲ್ಲಿ ಕೂರುತ್ತಿದ್ದುದು ಅವಳಿಗೆ ಗೊತ್ತಿತ್ತು. ಬೆಳಿಗ್ಗೆ ಮೊಟ್ಟೆಗೆ ಬಂದವಳಿಗೆ ಮುಚ್ಚಿದ ಅಂಗಡಿ, ಸುದ್ದಿ ಎರಡೂ ಸಿಕ್ಕಿದ್ದವು. ಮೂವರೂ ಶಾಮಿಯಾನದ ಕೊನೆಯ ಸಾಲಿನಲ್ಲಿ ಕುಳಿತರು. ಸುಮ್ಮನೆ ಕೂರುವುದು ಮುನಿಆಂಜನಪ್ಪನಿಗೆ ಆಗದ ಕೆಲಸ.

“ಮೇಡಂ, ಬೇಜಾರ್ ಮಾಡ್ಕೊಬೇಡಿ. ಆವತ್ತು ನಿಮ್ ಕೆಲ್ಸ ಕೆಡ್ಸಿದ್ದು ಯಾರಂತ ಕೊನೆಗೂ ಗೊತ್ತಾಯ್ತಾ?”

ಚಂದ್ರಾಮಪ್ಪನ ಬೆನ್ನು ನೆಟ್ಟಗಾಯಿತು.

“ಯಾರೂ ಅಲ್ಲ,” ಎಂದಳು ಅವಳು.

“ಹಂಗಂದ್ರೆ?”

“ಯಾರೂ ಹನಿ ಹಾಕಿರ್ಲಿಲ್ಲ. ಅದು ಜೀವ ಇರೋ ಲಸಿಕೆ ಅಲ್ವಾ? ಹಾಕಿಸ್ಕೊಂಡ ಮರಿ ಉಸಿರಲ್ಲಿ, ಹಿಕ್ಕೇಲಿ ಹೊರಗೆ ಬರುತ್ತೆ. ಬಟ್ಟೆಗೆ, ಬೂಟಿಗೆ ಅಂಟ್ಕೊಂಡು ಪಕ್ಕದ ಶೆಡ್ಡಿಗೆ ಹೋಗುತ್ತೆ. ಅಲ್ಲಿ ಒಂದು ಮರಿಗೆ ತಾಗಿದ್ರೆ ಸಾಕು, ಒಂದರಿಂದ ಇನ್ನೊಂದಕ್ಕೆ. ತಾಯಿದು ಕರಗಿ ಖಾಲಿಯಾಗಿದ್ದ ಮರಿಗಳು, ತಾಗಿದ ತಕ್ಷಣ ತಾವೇ ಕಲ್ತುಬಿಟ್ವು. ಆಮೇಲೆ ಬೇರೆ ಕಡೆ ನಾನೇ ಬೇಕಂತ ಮಾಡಿ ನೋಡ್ದೆ. ಹಾಗೇ ಆಯ್ತು.”

“ಡಾಕ್ಟ್ರಿಗೆ ಇದು ಗೊತ್ತಿರ್ಲಿಲ್ವಾ?”

“ಗೊತ್ತಿಲ್ದೆ ಏನು. ಆದ್ರೆ ಎರಡು ಶೆಡ್ಡಿನವರು ಸೇರೋದೇ ಇಲ್ಲ ಅಂತ ಮೇಲಿನವರಿಗೆ ಅವರು ಮಾತು ಕೊಟ್ಟಿದ್ರು. ಸೇರ್ತಿದ್ರು ಅಂದ್ರೆ ತಪ್ಪು ಅವರ ತಲೆಗೇ ಬರ್ತಿತ್ತು.” ಅವಳು ಚಂದ್ರಾಮಪ್ಪನ ಕಡೆ ತಿರುಗಿ ಸಣ್ಣಗೆ ನಕ್ಕಳು. “ನೀವಿಬ್ರೂ ಮರದ ಕೆಳಗೆ ಒಂದೇ ಡಬ್ಬೀಲಿ ತಿಂತಿದ್ರಲ್ಲ. ನಾನು ಕಿಟಕಿಯಿಂದ ನೋಡ್ತಿದ್ದೆ. ಹೇಳೋಕೆ ಮನಸ್ಸು ಬರ್ಲಿಲ್ಲ. ಒಂದೊಂದ್ಸಲ ನನಗೂ ಬಂದು ಕೂರಬೇಕು ಅನ್ಸೋದು.”

ಚಂದ್ರಾಮಪ್ಪನ ಕೈ ಕುರ್ಚಿಯ ತೋಳನ್ನು ಹಿಡಿದಿತ್ತು. “ಇದನ್ನ ಮುನೀರ್‌ಗ ಹೇಳೀರೇನ್ರಿ?”

“ಇಲ್ಲ. ಹೋದ ವರ್ಷ ಅಂಗಡೀಲಿ ಸಿಕ್ಕಾಗ ಹೇಳೋಣ ಅನ್ಕೊಂಡೆ. ಗಿರಾಕಿಗಳಿದ್ರು. ಹಳೇ ವಿಷಯ, ಯಾರು ನೆನಪಿಟ್ಕೊಂಡಿರ್ತಾರೆ ಅಂತ ಬಿಟ್ಟೆ.” ಅವನ ಮುಖ ನೋಡಿ ಅವಳ ನಗು ಇಳಿಯಿತು. “ನಾನು ಊರಿಂದ ವಾಪಸ್ ಬಂದಾಗ ನೀವಿರ್ಲಿಲ್ಲ. ನೀವೇ ಕೆಲಸ ಬಿಟ್ಟು ಹೋದ್ರಿ ಅಂದ್ರು. ಹಾಗೇ ಅಲ್ವಾ ನೀವು ಹೋಗಿದ್ದು?”

“ಏನೋ, ಹಂಗೇ,” ಎಂದು ಚಂದ್ರಾಮಪ್ಪ ಎದ್ದುಬಿಟ್ಟ.

ಎದ್ದ ಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯಲಿಲ್ಲ. ಮುನೀರ್ ಹನಿ ಹಾಕಿರಲಿಲ್ಲ. ಊಟಕ್ಕೆ ಹುಡುಕಿದೆ ಎಂದಿದ್ದ, ಊಟಕ್ಕೇ ಹುಡುಕಿದ್ದ. ಹಾಗಾದರೆ ಆ ದಿನ ನೆಲ ನೋಡುತ್ತಿದ್ದುದು ಯಾಕೆ? ಈಗ ಮಾಫಿ ಕೇಳುತ್ತಿರುವುದು ಯಾವುದಕ್ಕೆ? ಮೋರಿಯ ನೀರು ನಿಂತಿತ್ತು. ಒಳಗಿನಿಂದ ಅಳುವಿನ ದನಿ ಒಮ್ಮೆಲೆ ಏರಿತು. ಮಯ್ಯತ್ತನ್ನು ಹೊರಗೆ ತರುತ್ತಿದ್ದರು.

* * *

ಕೆಲಸ ಹೋದ ಮೇಲೂ ಮುನೀರ್ ಬರುವುದನ್ನು ಬಿಡಲಿಲ್ಲ. ಚಂದ್ರಾಮಪ್ಪ ಇಂದಿರಾನಗರದ ಅಪಾರ್ಟ್‌ಮೆಂಟ್ ಒಂದರಲ್ಲಿ ಕಾವಲಿಗೆ ಸೇರಿದ್ದ. ಅವನ ರಜೆಯ ದಿನ ಯಾವುದೆಂದು ತಿಳಿದುಕೊಂಡು ಮುನೀರ್ ಮಾರುಕಟ್ಟೆಯಿಂದ ಕೋಳಿಯ ಲಿವರೋ ಕೊತ್ತಂಬರಿಯೋ ತೆಗೆದುಕೊಂಡು ಬೈಯಪ್ಪನಹಳ್ಳಿಯ ಕೋಣೆಗೆ ಬರುತ್ತಿದ್ದ. ಅಯ್ಯಮ್ಮ ಮಾಡಿ ಹಾಕುತ್ತಿದ್ದಳು. ಗಂಡಸರಿಬ್ಬರೂ ಹೊಸಿಲ ಹೊರಗೆ ಕುಳಿತು ರೈಲು ನೋಡುತ್ತಿದ್ದರು. ಚಂದ್ರಾಮಪ್ಪ ಹೆಚ್ಚು ಮಾತಾಡುತ್ತಿರಲಿಲ್ಲ. ಬರಲಿ, ತಪ್ಪು ಮಾಡಿದವನು ಬರಲೇಬೇಕು, ಎಂದುಕೊಳ್ಳುತ್ತಿದ್ದ. ಅವನು ತಂದದ್ದನ್ನು ತಿನ್ನುತ್ತ, ಇವತ್ತಾದರೂ ಹೇಳುತ್ತಾನೇನೋ ಎಂದು ಕಾಯುತ್ತಿದ್ದ. ಕಾಯುವುದರಲ್ಲಿ ಒಂದು ರುಚಿಯೂ ಹತ್ತಿತ್ತು.

ಒಮ್ಮೆ, ಮುನೀರನಿಗೆ ಕೆಮ್ಮು ಶುರುವಾದ ಮೇಲೆ, ಅವನು ಉಂಡ ತಟ್ಟೆ ಸರಿಸಿ, “ಚಂದ್ರಾಮ್, ಆವತ್ತು ಡಾಕ್ಟ್ರು ಕೇಳ್ದಾಗ...” ಎಂದು ಶುರುಮಾಡಿದ.

ಇಷ್ಟು ವರ್ಷ ಕಾದದ್ದು ಬಾಗಿಲಿಗೆ ಬಂದಿತ್ತು. ಚಂದ್ರಾಮಪ್ಪನಿಗೆ ಹೆದರಿಕೆಯಾಯಿತು. ಅವನು ಹೇಳಿಬಿಟ್ಟರೆ ಆಮೇಲೆ ಈ ಸಿಟ್ಟನ್ನು ಎಲ್ಲಿಡುವುದು?

“ನೀರ್ ತರ್ತೀನಿ ತಡಿ,” ಎಂದು ಎದ್ದು ಒಳಗೆ ಹೋದ. ಚೊಂಬು ತೊಳೆದ, ಮತ್ತೆ ತೊಳೆದ. ಹೊರಗೆ ಬರುವಷ್ಟರಲ್ಲಿ ಮುನೀರ್ ಅಯ್ಯಮ್ಮನ ಜೊತೆ ಟೊಮೆಟೊ ರೇಟಿನ ಮಾತು ಹಿಡಿದಿದ್ದ.

* * *

ಹೆಗಲ ಮೇಲಿನ ಜನಾಜಾ ಗಲ್ಲಿ ದಾಟುವಾಗ ಮಾಂಸದ ಸಾಲಿನವರು ಕತ್ತಿ ಕೆಳಗಿಟ್ಟು ಎದ್ದು ನಿಂತರು. ಹೆಗಲು ಬದಲಿಸುತ್ತ ಬದಲಿಸುತ್ತ ಚಂದ್ರಾಮಪ್ಪನ ಸರದಿಯೂ ಬಂತು. ಯಾರೋ ಅವನನ್ನು ಮುಂದೆ ತಳ್ಳಿದರು. ಹೆಗಲಿಗೆ ಬಂದದ್ದು ಅಷ್ಟೇನೂ ಭಾರವಿರಲಿಲ್ಲ. ಪಕ್ಕದಲ್ಲಿ ಹಾರ್ನ್ ಹೊಡೆಯುತ್ತಿದ್ದ ಸ್ಕೂಟರಿನವನಿಗೆ ಮುನಿಆಂಜನಪ್ಪ ತಮಿಳಿನಲ್ಲಿ ಬೈದ.

ಖಬರಸ್ತಾನದ ಬೇವಿನ ಮರಗಳ ಕೆಳಗೆ ಜನಾಜಾ ಇಳಿಸಿದರು. ನಮಾಜಿಗೆ ಸಾಲು ಕಟ್ಟುವ ಮುನ್ನ ಜೀಶಾನ್ ಮುಂದೆ ಬಂದು ನಿಂತ. ಅಪ್ಪನದೇ ಮುಖ, ಅಪ್ಪನಿಗಿಂತ ಎತ್ತರ. ಮೊದಲು ದಖ್ಖನಿಯಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಿದ.

“ನಮ್ಮ್ ಅಬ್ಬಾ ಯಾರಿಗಾದ್ರೂ ನೋವು ಮಾಡಿದ್ರೆ, ಏನಾದ್ರೂ ಅಂದಿದ್ರೆ, ಅಲ್ಲಾನ ವಾಸ್ತೆ ಮಾಫ್ ಮಾಡಿ.”

“ಮಾಫ್, ಮಾಫ್,” ಎಂಬ ಗುಜುಗುಜು ಸಾಲಿನಿಂದ ಸಾಲಿಗೆ ಹೋಯಿತು. ಮುನಿಆಂಜನಪ್ಪನೂ ಅಂದ. ಜೀಶಾನ್ ಜನರ ನಡುವೆ ದಾರಿ ಮಾಡಿಕೊಂಡು ಚಂದ್ರಾಮಪ್ಪನ ಎದುರು ಬಂದ.

“ಅಂಕಲ್, ನೀವು.”

ಮುದುಕರು ತಿರುಗಿ ನೋಡಿದರು.

“ಜೀಶಾನ್, ನಿಮ್ಮಪ್ಪ ನನಗೇನ್ ಮಾಡ್ಯಾನಪ್ಪ, ಮಾಫ್ ಮಾಡ್ಲಿಕ್ಕ?”

ಎಲ್ಲರ ಎದುರು ಹೇಳುವುದೋ ಬೇಡವೋ ಎಂದು ಹುಡುಗ ಅನುಮಾನಿಸಿದಂತೆ ಕಂಡಿತು. ಆಮೇಲೆ ಮೆಲ್ಲಗೆ, ಆದರೆ ಹತ್ತಿರದವರಿಗೆ ಕೇಳುವಂತೆ ಹೇಳಿದ.

“ಹನಿ ಹಾಕಿದ್ದು ನೀವು ಅಂತ ಅಬ್ಬಾಗೆ ಗೊತ್ತಿತ್ತು ಅಂಕಲ್. ಮರಿಗಳು ಸಾಯ್ಬಾರ್ದು ಅಂತ ಹಾಕಿದ್ರಿ. ಡಾಕ್ಟ್ರು ಕೇಳ್ದಾಗ ನೀವು ಅಬ್ಬಾ ಕಡೆ ನೋಡಿದ್ರಂತೆ. ಒಂದ್ ಹನಿ ಸಾಕು ಅಂತ ನಿಮಗೆ ಹೇಳ್ಕೊಟ್ಟಿದ್ದೇ ಅಬ್ಬಾ. ‘ನಾನೇ ಹೇಳ್ಕೊಟ್ಟೆ, ನಂದೂ ತಪ್ಪಿದೆ’ ಅಂತ ಅಬ್ಬಾ ಅವತ್ತು ಮುಂದೆ ಬರ್ಬೇಕಿತ್ತು, ಬರ್ಲಿಲ್ಲ. ಅಮ್ಮಿಗೆ ಆಗ ಏಳ್ ತಿಂಗ್ಳು, ನಾನು ಹೊಟ್ಟೇಲಿದ್ದೆ. ಹೆದರ್ಕೊಂಡ್ಬಿಟ್ಟೆ ಅಂತಿದ್ರು.” ಅವನು ಅಂಗೈಯಿಂದ ಮೂಗೊರೆಸಿಕೊಂಡ. “ನಮ್ಮನೇಲಿ ಚಿಕ್ಕಂದಿನಿಂದ ನಿಮ್ ಕಥೆ ಕೇಳಿದೀವಿ. ಜೀವ ಉಳ್ಸಕ್ಕೆ ನೌಕ್ರಿ ಕಳ್ಕೊಂಡೋರು ಅಂತ. ನೀವು ಒಂದಿನಾನೂ ಅಬ್ಬಾನ ಬೈಲಿಲ್ವಂತೆ. ಬೈದಿದ್ರೆ ಚೆನ್ನಾಗಿತ್ತು ಅಂತಿದ್ರು.”

ಪಕ್ಕದಲ್ಲಿದ್ದ ಮುದುಕನೊಬ್ಬ ಚಂದ್ರಾಮಪ್ಪನ ಭುಜದ ಮೇಲೆ ಕೈಯಿಟ್ಟ. ಮುನಿಆಂಜನಪ್ಪ ಬಾಯಿ ತೆರೆದು ಏನೋ ಹೇಳಹೊರಟವನು ಚಂದ್ರಾಮಪ್ಪನ ಮುಖ ನೋಡಿ ಮುಚ್ಚಿಕೊಂಡ.

ನಾನಲ್ಲ. ಅಷ್ಟು ಹೇಳಿದರೆ ಸಾಕಿತ್ತು. ನಾನೂ ಅಲ್ಲ, ಅವನೂ ಅಲ್ಲ. ಒಟ್ಟಿಗೆ ಕೂತು ಉಂಡೆವು, ಆದದ್ದಿಷ್ಟು. ಆದರೆ ಸಾಲು ಕಾಯುತ್ತಿತ್ತು. ಬಿಸಿಲಿನಲ್ಲಿ ಬಿಳಿ ಬಟ್ಟೆ ಕಣ್ಣಿಗೆ ಹೊಡೆಯುತ್ತಿತ್ತು. ಈ ಹುಡುಗ ಬೆಳೆದದ್ದು ಆ ಕಥೆ ಕೇಳಿಕೊಂಡು. ಅದನ್ನು ಇವತ್ತು, ಇಲ್ಲಿ, ಹೇಗೆ ಕಿತ್ತುಕೊಳ್ಳುವುದು? ಕಿತ್ತುಕೊಳ್ಳದೆ ಇದ್ದರೆ, ಮಾಡದ ಪುಣ್ಯವನ್ನು ಹೊತ್ತುಕೊಂಡು, ತಪ್ಪೇ ಮಾಡದವನನ್ನು ಕ್ಷಮಿಸಿ ಮನೆಗೆ ಹೋಗಬೇಕು. ಕೈಬೆರಳುಗಳು ತಾವಾಗಿಯೇ ಅಂಗಿಯ ಗುಂಡಿಯನ್ನು ತಿರುವುತ್ತಿದ್ದವು. ಜೀಶಾನನ ಕಣ್ಣು ಅವನ ಬಾಯಿಯ ಮೇಲೇ ಇತ್ತು.

“ಮಾಫ್,” ಎಂದ ಚಂದ್ರಾಮಪ್ಪ.

ಜೀಶಾನ್ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿ, ತಿರುಗಿ ಹೋಗಿ ಸಾಲಿನಲ್ಲಿ ನಿಂತ. ನಮಾಜ್ ನಡೆಯುವಷ್ಟು ಹೊತ್ತು ಚಂದ್ರಾಮಪ್ಪ ಮತ್ತು ಮುನಿಆಂಜನಪ್ಪ ಮರದ ಪಕ್ಕದಲ್ಲಿ ನಿಂತಿದ್ದರು.

“ಮೇಡಂ ಹೇಳಿದ್ದು...” ಎಂದು ಮುನಿಆಂಜನಪ್ಪ ಪಿಸುಗುಟ್ಟಿದ.

“ಗೊತ್ತದ.”

“ಹುಡುಗನ್ಗೆ ಹೇಳ್ತೀರಾ?”

ಸಾಲಿನಲ್ಲಿದ್ದವರು ಬಲಕ್ಕೆ, ಎಡಕ್ಕೆ ಮುಖ ತಿರುಗಿಸಿ ನಮಾಜು ಮುಗಿಸಿದರು.

ಮಣ್ಣು ಹಾಕುವಾಗ ಅವನೂ ಬಗ್ಗಿದ. ಕೆಂಪು ಮಣ್ಣು, ಮೇಲೆ ಒಣಗಿ ಒಳಗೆ ಇನ್ನೂ ತೇವವಿತ್ತು. ಎಲ್ಲರಂತೆ ಮೂರು ಹಿಡಿ ಹಾಕಿದ. ದಿಬ್ಬ ಸರಿಪಡಿಸಿ, ಜೀಶಾನ್ ತಲೆಯ ಕಡೆಯಿಂದ ಕಾಲಿನ ಕಡೆಗೆ ಕೊಡದಿಂದ ನೀರು ಹೊಯ್ದ. ಜನ ಗೇಟಿನ ಕಡೆ ಕರಗಿದರು. ಮುನಿಆಂಜನಪ್ಪ ಚಪ್ಪಲಿ ಹುಡುಕಿಕೊಂಡು ಹೋದ.

“ಬನ್ನಿ ಅಂಕಲ್,” ಎಂದ ಜೀಶಾನ್. “ಇಲ್ಲಿ ನಿ‍ಲ್ಬಾರ್ದು ಈಗ. ನಾವೆಲ್ಲ ದೂರ ಹೋದ್ಮೇಲೇ ಫರಿಶ್ತೆಗಳು ಬರೋದು.”

“ಯಾರು?”

“ಅಲ್ಲಾ ಕಳ್ಸೋರು. ಅವರು ಬಂದು ಅಬ್ಬಾನ ಎಬ್ಬಿಸಿ ಕೂರ್ಸಿ ಸವಾಲ್ ಕೇಳ್ತಾರೆ. ನಾವು ಇದ್ರೆ ಅವರು ಬರಲ್ಲ.”

ಜೀಶಾನ್ ಮುಂದೆ ನಡೆದ. ಚಂದ್ರಾಮಪ್ಪ ಸ್ವಲ್ಪ ದೂರ ಹಿಂಬಾಲಿಸಿ ನಿಂತು ತಿರುಗಿ ನೋಡಿದ. ಹೊಯ್ದ ನೀರನ್ನು ಮಣ್ಣು ಹೀರಿಕೊಳ್ಳುತ್ತಿತ್ತು. ಗೋರಿ ತೋಡಿದವನು ಸನಿಕೆಗೆ ಅಂಟಿದ್ದನ್ನು ಕಲ್ಲಿಗೆ ಉಜ್ಜುತ್ತಿದ್ದ. ಅವನೂ ಸನಿಕೆ ಹೆಗಲಿಗೇರಿಸಿ ಹೊರಟ ಮೇಲೆ ಅಲ್ಲಿ ಯಾರೂ ಉಳಿಯಲಿಲ್ಲ. ಚಂದ್ರಾಮಪ್ಪ ಗೇಟಿನ ಕಡೆ ಬೇಗ ಬೇಗ ನಡೆದ.

‘ಮುನೀರ್, ಹನಿ ನೀ ಹಾಕೀಯೇನು?’ ಎಂದು ಅವನು ಒಂದು ದಿನವೂ ಕೇಳಿರಲಿಲ್ಲ.